ಅಮ್ಮನ ಪೇರಳೆ ಜೆಲ್ಲಿ, ನನ್ನ ನೆನಪಿನ ಪ್ರಕಾರ

ಕಣ್ಣಿಗೆ ಕಾಣದ್ದನ್ನು ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈಚೆಗೆ ಕನ್ನಡಕ ಮೇಜಿನ ಮೇಲಿದೆ ಎಂದು ನನ್ನ ತಲೆ ಹೇಳಿದರೆ, ಅದನ್ನೂ ಹೋಗಿ ನೋಡದೆ ನಂಬುವುದಿಲ್ಲ. ಆದರೆ ಅಮ್ಮನ ಪೇರಳೆ ಹಣ್ಣಿನ ಜೆಲ್ಲಿಯ ವಿಷಯದಲ್ಲಿ ಮಾತ್ರ ನನಗೆ ಸಂಶಯವೇ ಇರಲಿಲ್ಲ. ಲಿಂಬೆ ಮುಟ್ಟಿಸದೆ, ಮರದಲ್ಲೇ ಮೆತ್ತಗಾದ ಹಣ್ಣಿನಿಂದ ಅವರು ಮಾಡಿದ ಜೆಲ್ಲಿ ಚಮಚದಲ್ಲಿ ನಡುಗುತ್ತಾ ನಿಲ್ಲುತ್ತಿತ್ತು. ಪಂಜ ಊರಿನಲ್ಲಿರುವ ಅಕ್ಕ ಭಾನುವಾರ ಪೆರಾಬೆಯ ನಮ್ಮ ಮನೆಗೆ ಬರುವವಳಿದ್ದಳು. ಅಮ್ಮ ಬದುಕಿರುವಾಗಲೇ ಅದನ್ನು ಮಾಡುವುದು ಬಿಟ್ಟಿದ್ದರು; ಆಮೇಲೆ ಆ ರುಚಿ ಅವಳಿಗೂ ಸಿಕ್ಕಿಲ್ಲ. ಒಮ್ಮೆಯಾದರೂ ತಿನ್ನಿಸಬೇಕೆಂದು ನನಗೆ ಹಟ.

ಹೆಂಡತಿ ಸುಮಾ ಹಣ್ಣು ಬೇಯಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ರಸ ತೊಟ್ಟಿಕ್ಕಲು ಬಿಟ್ಟಳು. ನಾನು ಸುಮ್ಮನಿರಬೇಕಿತ್ತು. "ನಾರೆಲ್ಲ ಬಟ್ಟೆಯಲ್ಲೇ ಉಳಿಯಿತು. ವಿಟಮಿನ್ ಸಿ ಕುದಿಯುವಾಗ ಸುಮಾರು ಹೋಗ್ತದೆ. ಕೊನೆಗೆ ಉಳಿಯುದು ಪರಿಮಳದ ಸಕ್ಕರೆ," ಎಂದೆ. "ಇದು ಅತ್ತಿಗೆಗೆ ತಿನ್ಲಿಕ್ಕೆ ಮಾಡುದಾ, ನೀವು ಪರೀಕ್ಷೆ ಬರೀಲಿಕ್ಕಾ?" ಎಂದಳು. ಅವಳು ಲಿಂಬೆ ಹಿಂಡಲು ಹೋದಾಗಲೂ ತಡೆದೆ. "ಹುಳಿ ಇಲ್ಲದಿದ್ರೆ ಇದು ಗಟ್ಟಿಯಾಗುದಿಲ್ಲ. ಪೂರ್ತಿ ಹಣ್ಣಾಗದ ನಾಲ್ಕು ದೋರೆಗಾಯಿ ಹಾಕ್ತೇನೆ ಅಂದ್ರೆ ಅದಕ್ಕೂ ಬಿಡ್ಲಿಲ್ಲ ನೀವು." "ಅಮ್ಮ ಹಾಕ್ತಿರಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ," ಎಂದೆ. ಅವಳು ಲಿಂಬೆಯನ್ನು ಬುಟ್ಟಿಗೆ ಹಾಕಿದ ರೀತಿಯಲ್ಲೇ ಫಲಿತಾಂಶ ಬರೆದಿತ್ತು.

ಭಾನುವಾರ ಬಾಟಲಿ ಓರೆ ಮಾಡಿದರೆ ಕೆಂಪು ಪಾಕ ಧಾರೆಯಾಗಿ ಹರಿಯಿತು. ಸುಮಾ ಅದನ್ನು ನೀರುದೋಸೆಯ ಮೇಲೆ ಸುರಿದು, ತೆಂಗಿನ ತುರಿ ಉದುರಿಸಿ ಅಕ್ಕನ ಮುಂದಿಟ್ಟಳು. ಮೂರು ದೋಸೆ ಖಾಲಿಯಾದವು. "ಅಮ್ಮನದ್ದರ ಹಾಗೆ ಉಂಟಾ?" ಎಂದು ಕೇಳಿದೆ. "ಪರಿಮಳ ಅದೇ. ಆದ್ರೆ ಲಿಂಬೆ ಎಲ್ಲಿ? ಅಮ್ಮ ಲಿಂಬೆ ಕೊಯ್ಲಿಕ್ಕೆ ನಿನ್ನನ್ನೇ ಕಳಿಸ್ತಿದ್ರಲ್ಲ." ನಾನು ಮಾತು ಬೇರೆ ಕಡೆ ತಿರುಗಿಸಲು ನೋಡಿದೆ: "ಮತ್ತೆ ಅವರು ಅದನ್ನು ಮಾಡುದು ಬಿಟ್ಟದ್ದು ಯಾಕೆ?" "ಎಂತ ಮಾರಾಯ, ಅದೂ ಮರೆತಿಯಾ? ನೀನು ಕಾಲೇಜಿಂದ ಬಂದು, ಇದರಲ್ಲಿ ಸತ್ವವೇ ಇಲ್ಲ, ಬರೀ ಸಕ್ಕರೆ ಅಂತ ಅವರನ್ನು ಒಂದು ಗಂಟೆ ಕೂರಿಸಿ ಪಾಠ ಮಾಡಿದ್ದೆ. ಆಮೇಲೆ ಅವರು ಪೇರಳೆ ಬೇಯಿಸ್ಲೇ ಇಲ್ಲ."

ಸುಮಾ ಕಾವಲಿಯ ಕಡೆಗೇ ನೋಡುತ್ತಿದ್ದಳು. ಅದು ಅವಳ ಒಳ್ಳೆಯತನ. ನನಗೆ ಅಂಥದ್ದೊಂದು ಪಾಠ ಮಾಡಿದ ನೆನಪೇ ಇಲ್ಲ. ಆದರೆ ನನ್ನ ಬಗ್ಗೆ ಇಷ್ಟು ನಂಬಲರ್ಹವಾದ ಸಂಗತಿಯನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ವಾದಿಸಲು ಹೋಗದೆ ತಟ್ಟೆ ಮುಂದೆ ಚಾಚಿದೆ. "ನನಗೂ ಒಂದು ದೋಸೆ. ಪಾಕ ಸ್ವಲ್ಪ ಜಾಸ್ತಿ ಇರಲಿ."