ಪ್ರಶ್ನೆ ಕೇಳಲು ಕಲಿಸಿದ ಗುಮಾಸ್ತ

ಬೇರೆಲ್ಲೂ ಆಗದ ಸಂಗತಿಗಳು ನಾನು ಕೆಲಸಕ್ಕೆ ಸೇರಿದ ಕಡೆಯೇ ಏಕೆ ಆಗುತ್ತವೆ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ನನಗೆ ಗೊತ್ತಿಲ್ಲ. ತೊಂಬತ್ತೊಂದರ ಕೊನೆಯ ತಿಂಗಳುಗಳಲ್ಲಿ ಕುವೈತಿನಲ್ಲಿ ಆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ.

ನೇಮಕ

ಅಲ್ಲಿನ ಹವಲ್ಲಿ ಬಡಾವಣೆಯ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ನಾನು ಗುಮಾಸ್ತ. ಟೈಪಿಂಗು, ಹಾಜರಿ ಪುಸ್ತಕ, ಬೀಗದ ಕೈ, ಇಷ್ಟು ನನ್ನ ಕೆಲಸ. ಹಿಂದಿನ ವರ್ಷ ಇರಾಕಿನ ಸೈನ್ಯ ನುಗ್ಗಿ ಯುದ್ಧ ಬಂದಾಗ ಎಲ್ಲರ ಜೊತೆ ನಾನೂ ಊರಿಗೆ ಓಡಿದೆ. ಕಾಲೇಜು ಮತ್ತೆ ಬಾಗಿಲು ತೆರೆದಾಗ ವಾಪಸು ಬಂದ ನೌಕರ ನಾನೊಬ್ಬನೇ. ಅಧ್ಯಾಪಕರ ಸುಳಿವೇ ಇರಲಿಲ್ಲ.

ಕಾಲೇಜಿನ ಮಾಲೀಕರೇ ನನ್ನ ಕಫೀಲ್, ಅಂದರೆ ಸರ್ಕಾರದ ಮುಂದೆ ನನಗೆ ಜಾಮೀನು ನಿಂತವರು. ಅವರ ಸಹಿ ಇಲ್ಲದೆ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲ, ಇಕಾಮಾ ಇಲ್ಲದಿದ್ದರೆ ಕುವೈತಿನಲ್ಲಿ ನನಗೆ ಜಾಗವಿಲ್ಲ. ಅವರು ಯುದ್ಧದ ತಿಂಗಳುಗಳನ್ನು ಲಂಡನ್ನಿನಲ್ಲಿ ಕಳೆದಿದ್ದರು. ಅಲ್ಲೊಂದು ಕಾಲೇಜು ನೋಡಿ ಬಂದಿದ್ದರು.

"ಅಲ್ಲಿ ಮೇಷ್ಟ್ರು ಪಾಠವೇ ಮಾಡುವುದಿಲ್ಲ," ಎಂದರು. "ವಿದ್ಯಾರ್ಥಿಗಳೇ ಪ್ರಶ್ನೆ ಹಾಕಿಕೊಂಡು, ಅವರೇ ಉತ್ತರ ಹುಡುಕಿ, ಅವರೇ ಪ್ರಬಂಧ ಬರೆಯುತ್ತಾರೆ. ಮೇಷ್ಟ್ರು ಸುಮ್ಮನೆ ಕೂತಿರುತ್ತಾನೆ. ಇಲ್ಲಿ ನೀನು ಕೂತಿರು."

ಡಿಸೆಂಬರಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಅಷ್ಟರಲ್ಲಿ ತೋರಿಸಲು ಒಂದಾದರೂ ಸರಿಯಾದ ಸಂಶೋಧನಾ ಪ್ರಬಂಧ ಬೇಕು. ಇದ್ದರೆ ನನ್ನ ಇಕಾಮಾಕ್ಕೆ ಸಹಿ, ಇಲ್ಲದಿದ್ದರೆ ಖಲಾಸ್.

"ಸಾರ್, ನಾನು ಯಾವತ್ತೂ ಪಾಠ ಮಾಡಿದವನಲ್ಲ," ಎಂದೆ.

"ಅದಕ್ಕೇ ನಿನ್ನನ್ನು ಆರಿಸಿದ್ದು. ಅಭ್ಯಾಸ ಇರುವವರು ನಡುವೆ ಬಾಯಿ ಹಾಕುತ್ತಾರೆ."

ಸ್ವಂತ ಪ್ರಶ್ನೆ

ಮೊದಲ ದಿನ ಹನ್ನೊಂದು ಜನ ವಿದ್ಯಾರ್ಥಿಗಳು. "ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆಯಿರಿ," ಎಂದು ಹೇಳಿ ಕೂತೆ. ಇಪ್ಪತ್ತು ನಿಮಿಷ ಯಾರೂ ಪೆನ್ನು ಎತ್ತಲಿಲ್ಲ.

"ಯಾವ ಪ್ರಶ್ನೆ ಸಾರ್?"

"ನಿಮ್ಮ ಸ್ವಂತದ್ದು."

"ನಮ್ಮ ಸ್ವಂತದ್ದು ಯಾವುದು ಅಂತ ನೀವು ಹೇಳಿದ್ರೆ ಬರೀತೇವೆ."

ನನಗೂ ಬೇಸರ ಬಂತು. ಮಾದರಿಗೆ ಇರಲಿ ಎಂದು ಬೋರ್ಡಿನ ಮೇಲೆ 'ಕುವೈತಿನಲ್ಲಿ ಸೆಖೆ ಏಕೆ ಹೆಚ್ಚು?' ಎಂದು ಬರೆದೆ. ತಕ್ಷಣ ಎಲ್ಲರೂ ತಲೆ ಬಗ್ಗಿಸಿ ಬರೆಯತೊಡಗಿದರು. ಹಾಳೆಗಳನ್ನು ಸಂಗ್ರಹಿಸಿ ನೋಡಿದರೆ ಹತ್ತು ಜನರ ಸ್ವಂತ ಪ್ರಶ್ನೆ, ಕುವೈತಿನಲ್ಲಿ ಸೆಖೆ ಏಕೆ ಹೆಚ್ಚು.

ಒಬ್ಬ ಮಾತ್ರ 'ಚಳಿಗಾಲದಲ್ಲಿ ಏಕೆ ಕಡಿಮೆ?' ಎಂದು ಬರೆದಿದ್ದ. ಸ್ವತಂತ್ರವಾಗಿ ಯೋಚಿಸಿದ್ದಕ್ಕೆ ಅವನಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದೆ.

ಆಧಾರ

ಯಾರೇ ಏನೇ ಹೇಳಿದರೂ ಆಧಾರ ಕೇಳಿ, ಕೇಳಿದ್ದನ್ನು ಹಾಗೇ ನಂಬಬೇಡಿ, ಸ್ವತಃ ನೋಡಿ ಬರೆಯಿರಿ ಎಂದು ಒಂದು ವಾರ ಇದನ್ನೇ ಹೇಳಿದೆ. ಬುಧವಾರ ತರಗತಿ ಮುಗಿಸುವಾಗ, "ನಾಳೆ ರಜೆ," ಎಂದೆ.

"ಆಧಾರ ಸಾರ್?" ಎಂದಿತು ಮುಂದಿನ ಬೆಂಚು.

"ನಾನೇ ಹೇಳ್ತಾ ಇದ್ದೇನಲ್ಲ."

ಶುಕ್ರವಾರ ಹೇಗೂ ವಾರದ ರಜೆ. ಶನಿವಾರ ನನ್ನ ಮೇಜಿನ ಮೇಲೆ ಒಂದು ಹಾಳೆ ಇತ್ತು. 'ಗುರುವಾರ ಬೆಳಿಗ್ಗೆ ಎಂಟಕ್ಕೆ ಹನ್ನೊಂದು ಜನವೂ ಬಂದು ಗೇಟು ಎಳೆದು ನೋಡಿದೆವು. ರಜೆ ಇದ್ದದ್ದು ನಿಜ.'

ರೇಡಿಯೋದ ಬೆನ್ನು

ತರಗತಿಯಲ್ಲಿ ನಮ್ಮ ಕಡೆಯ ಬ್ಯಾರಿ ತರುಣನೊಬ್ಬನಿದ್ದ. ಮಧ್ಯಾಹ್ನದ ನಂತರ ಹವಲ್ಲಿಯಲ್ಲೇ ತನ್ನ ಮಾವನ ಸೆಕೆಂಡ್‌ಹ್ಯಾಂಡ್ ರೇಡಿಯೋ ಅಂಗಡಿಯಲ್ಲಿ ನಿಲ್ಲುತ್ತಿದ್ದ. ಕೊನೆಗೂ ಅವನಿಗೊಂದು ನಿಜವಾದ ಪ್ರಶ್ನೆ ಹುಟ್ಟಿತು. ಯುದ್ಧದ ನಂತರ ಗಿರಾಕಿಗಳು ಪ್ರತಿ ರೇಡಿಯೋ ತಿರುಗಿಸಿ ಅದರ ಬೆನ್ನು ಏಕೆ ನೋಡುತ್ತಾರೆ? ನನಗೆ ಖುಷಿಯಾಯಿತು. ಗಿರಾಕಿಗಳನ್ನೇ ಕೇಳಿ ಬರೆದುಕೋ ಎಂದು ಹುರಿದುಂಬಿಸಿದೆ.

ನಾಲ್ಕನೇ ದಿನ ಮಾವನೇ ಕಾಲೇಜಿಗೆ ಬಂದರು.

"ಎಂತ ಮಾರಾಯ್ರೆ ನೀವು ಕಲಿಸುವುದು? ಬಂದವರನ್ನೆಲ್ಲ ನಿಲ್ಲಿಸಿ ಯಾಕೆ ಬೆನ್ನು ನೋಡ್ತೀರಿ ಅಂತ ಕೇಳ್ತಾನೆ. ಅವರು, ಯುದ್ಧದಲ್ಲಿ ಲೂಟಿಯಾದ ನಮ್ಮ ರೇಡಿಯೋ ಇದೇ ಇರಬಹುದಾ ಅಂತ ಬೆನ್ನಿನ ನಂಬರು ನೋಡಿದ್ದು ಅಂತಾರೆ. ಇವನು ಅದನ್ನು ಜೋರಾಗಿ ಓದಿ ಹೇಳಿ ಸಹಿ ಹಾಕಿಸ್ತಾನೆ. ಈಗ ಬ್ಯಾಟರಿ ತಗೊಳ್ಳಲು ಬಂದವರೂ ಎಲ್ಲ ರೇಡಿಯೋ ತಿರುಗಿಸಿ ನೋಡಿ ಹೋಗ್ತಾರೆ!"

"ಅದು ಸಂಶೋಧನೆ, ಸಾಹೇಬರೇ. ನಡುವೆ ನಿಲ್ಲಿಸುವ ಹಾಗಿಲ್ಲ."

ಮಾವ ಹೊರಡಲು ತಿರುಗಿದರು. "ನಿಲ್ಲಿಸುವುದು ಬೇಡ. ನಾಳೆಯಿಂದ ಎದುರಿನ ಅಂಗಡಿಯಲ್ಲಿ ಮಾಡಲಿ."

ಕೊಳೆಯ ಲೆಕ್ಕ

ಆಗ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಆ ಕಡೆಯ ಅಬು ಹಲೀಫಾದಿಂದ ಕಾಲೇಜಿಗೆ ಬರುತ್ತಿದ್ದ ಒಬ್ಬ ತುಳುವ ಹುಡುಗಿ, ಯಾವ ದಿನ ಎಷ್ಟು ಮಸಿ ಬೀಳುತ್ತದೆ ಎಂದು ನೋಡಲು ಬಾಲ್ಕನಿಯಲ್ಲಿ ಬಿಳಿ ದಿಂಬಿನ ಕವರುಗಳನ್ನು ಕಟ್ಟಿದಳು. ದಿನಕ್ಕೊಂದರಂತೆ ಏಳು. ಇದೇ ನನ್ನ ಇಕಾಮಾ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಪ್ರಬಂಧ ಬಂತು. ಆರು ಸಾಲು. ಕೊನೆಯ ಸಾಲು: 'ಏಳನೆಯ ದಿನ ನನ್ನ ತಾಯಿ ಎಲ್ಲ ಸಾಕ್ಷಿಗಳನ್ನು ಒಗೆದು ಇಸ್ತ್ರಿ ಮಾಡಿದರು.'

ತಾಯಿಯನ್ನು ಕರೆಸಿದೆ. "ಅಮ್ಮ, ಅದು ಕಾಲೇಜಿನ ಕೆಲಸ. ಇನ್ನೊಂದು ವಾರ ಮುಟ್ಟಬೇಡಿ."

"ನೀವೇ ಹೇಳಿ ಸಾರ್, ಕಪ್ಪು ಹಿಡಿದ ಕವರು ವಾರಗಟ್ಟಲೆ ನೇತಾಡಿದ್ರೆ ನೆರೆಕರೆಯವರು ನನ್ನನ್ನು ಎಂತ ಹೆಂಗಸು ಅಂತ ತಿಳ್ಕೊಳ್ಳುವುದಿಲ್ವಾ? ಬೇಕಾದ್ರೆ ಕಟ್ಟಲಿ. ನೀವೊಂದು ಚೀಟಿ ಕೊಡಿ."

ಕೊಟ್ಟೆ. 'ಈ ಕೊಳೆ ಕಾಲೇಜಿಗೆ ಸೇರಿದ್ದು' ಎಂದು ಟೈಪು ಮಾಡಿ, ಸೀಲು ಒತ್ತಿ ಕೊಟ್ಟೆ. ಅಷ್ಟರಲ್ಲಿ ಬಾವಿಗಳ ಬೆಂಕಿ ಆರಿಸಿಬಿಟ್ಟರು. ಇಡೀ ಕುವೈತಿಗೆ ಸಂತೋಷವಾದ ದಿನ ನಾನೊಬ್ಬನೇ ಆ ಬೆಂಕಿ ಇನ್ನೊಂದು ವಾರ ಉರಿಯಬಾರದಿತ್ತೇ ಎಂದುಕೊಂಡೆ.

ಸರಿಯಾದ ಪ್ರಬಂಧ

ಅಧಿಕಾರಿ ಬರಲು ಮೂರು ದಿನ ಉಳಿದಿತ್ತು. ಊರಿನಲ್ಲಿ ಹೆಂಡತಿ ಪೆಟ್ಟಿಗೆ ಕಟ್ಟಿಕೊಂಡು ನನ್ನ ಇಕಾಮಾಕ್ಕೆ ಕಾಯುತ್ತಿದ್ದಳು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆಗ ಹಿಂದಿನ ಬೆಂಚಿನ ತರುಣ ಎದ್ದು ಬಂದ. ಬ್ನೇದ್ ಅಲ್ ಗಾರ್‌ನ ಹೋಟೆಲೊಂದರಲ್ಲಿ ಕ್ಯಾಷಿಯರ್, ಅಷ್ಟು ದಿನ ಒಂದು ಮಾತೂ ಆಡಿದವನಲ್ಲ. ನನ್ನ ಮೇಜಿನ ಮೇಲೆ ಹದಿನಾಲ್ಕು ಪುಟ ಇಟ್ಟ.

ಕಾಲೇಜಿನ ಬಾಗಿಲಲ್ಲಿ 'ಐದು ಸಾವಿರ ಪುಸ್ತಕಗಳ ಲೈಬ್ರರಿ' ಎಂಬ ಬೋರ್ಡಿತ್ತು. ಅವನ ಪ್ರಶ್ನೆ, ಲೈಬ್ರರಿಯಲ್ಲಿ ಎಷ್ಟು ಪುಸ್ತಕಗಳಿವೆ?

ಎರಡು ಬೇರೆ ಬೇರೆ ದಿನ ಎಣಿಸಿದ್ದ, ಸಾಕ್ಷಿಗಳನ್ನು ಕರೆದೊಯ್ದಿದ್ದ, ಪಟ್ಟಿ ಹಾಕಿದ್ದ. ಒಟ್ಟು ನಲವತ್ತೊಂದು. ಅದರಲ್ಲಿ ಹತ್ತೊಂಬತ್ತು ಟೆಲಿಫೋನ್ ಡೈರೆಕ್ಟರಿ. ಬೀಗದ ಕೈ ಇಟ್ಟುಕೊಂಡವನು ಎಂದು ನನ್ನ ಸಂದರ್ಶನವೂ ಇತ್ತು: 'ನನ್ನನ್ನು ಕೇಳಬೇಡ ಮಾರಾಯ.' ಆಧಾರವಿಲ್ಲದ ಒಂದು ವಾಕ್ಯವಿಲ್ಲ. ಇಡೀ ತರಗತಿಯಲ್ಲಿ ಅದೊಂದೇ ಸರಿಯಾದ ಪ್ರಬಂಧ. ಅದನ್ನು ಬಚ್ಚಿಡಬೇಕು ಎಂದು ನಾನು ಎದ್ದೆ. ಅಷ್ಟರಲ್ಲಿ ಮಾಲೀಕರು ಒಳಗೆ ಬಂದರು.

"ಇದೇನಾ? ಯಲ್ಲಾ, ಬೇಗ ಕೊಡು."

ನನ್ನ ಇಕಾಮಾ ಫಾರಂ ಒಂದು ಕೈಯಲ್ಲಿ, ಪ್ರಬಂಧ ಇನ್ನೊಂದು ಕೈಯಲ್ಲಿ ಹಿಡಿದು ಕೂತರು. ಹದಿನಾಲ್ಕು ಪುಟವನ್ನೂ ಓದಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಕೊನೆಯ ಪುಟ ಮಗುಚಿ, ಸಹಿಗೆಂದು ತೆರೆದಿಟ್ಟಿದ್ದ ಪೆನ್ನಿನ ಮುಚ್ಚಳ ಹಾಕಿದರು.

"ಇವನೇ ಎಣಿಸಿದನಾ?"

"ಎರಡು ಸಲ, ಸಾರ್."

"ಡೈರೆಕ್ಟರಿಗಳನ್ನೂ ಸೇರಿಸಿ?"

"ಹೌದು ಸಾರ್."

"ತಪ್ಪು," ಎಂದರು. ಅವರು ಮತ್ತೆ ಮುಚ್ಚಳ ತೆಗೆದು, ನನ್ನ ಫಾರಂಗೆ ಸಹಿ ಹಾಕಿ, ಪ್ರಬಂಧವನ್ನು ನನ್ನ ಕಡೆ ತಳ್ಳಿದರು. "ನಲವತ್ತಮೂರು ಅಂತ ತಿದ್ದಿಸು. ಎರಡು ಡೈರೆಕ್ಟರಿ ನನ್ನ ಮನೆಯಲ್ಲಿವೆ. ಅಧಿಕಾರಿಗೆ ತೋರಿಸುವುದು, ಲೆಕ್ಕ ಸರಿಯಾಗಿರಬೇಕು."