ಮಾನಿಟರಿನಲ್ಲಿ ದಪ್ಪಗಾದ ಕಮಿಟಿ

ಮನೆಯಲ್ಲಿ ಏನಾದರೂ ಕೆಟ್ಟರೆ ಅದನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಗಡಿಯಾರ ನಿಧಾನವಾದರೆ ಬಸ್ಸು ಬೇಗ ಬಂತು ಎನ್ನುತ್ತೇನೆ. ಕನ್ನಡಕದ ನಂಬರು ಬದಲಾಗಿದ್ದಾಗ ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆಂದು ಎರಡು ವರ್ಷ ಬೈದವನು ನಾನು. ಇದರ ಮೇಲೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದೆ ಬೇರೆ. ಮೂಗು ಇಷ್ಟುದ್ದ ಇರಬೇಕು, ಕಿವಿ ಇಲ್ಲಿಂದ ಶುರುವಾಗಬೇಕು ಎಂದು ಮಕ್ಕಳ ಕೈ ಹಿಡಿದು ತಿದ್ದಿದವನು. ನನ್ನ ಕಣ್ಣಳತೆಯ ಬಗ್ಗೆ ನನಗಿರುವ ಜಂಬ ಬಸವೇಶ್ವರನಗರದ ನಮ್ಮ ಬೀದಿಗೆಲ್ಲ ಗೊತ್ತು.

ಹಾಗಾಗಿಯೇ ಇಲ್ಲಿನ ರಾಜ್ಯೋತ್ಸವ ಕಮಿಟಿಗೆ ನಾನು ಕಾರ್ಯದರ್ಶಿ. ಕಾರ್ಯದರ್ಶಿಯ ಕೆಲಸ ಒಂದೇ, ಬ್ಯಾನರ್ ಮಾಡುವುದು. ಮೇಲಿರುವ ಭುವನೇಶ್ವರಿ ಎಷ್ಟು ಚಿಕ್ಕದಾದರೂ ಯಾರೂ ಕೇಳುವುದಿಲ್ಲ. ಆದರೆ ಕೆಳಗೆ ಸಾಲಾಗಿರುವ, ನನ್ನದೂ ಸೇರಿ ಕಮಿಟಿಯವರ ಹನ್ನೆರಡು ಮುಖಗಳಲ್ಲಿ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದರೂ ಕತೆ ಮುಗಿಯಿತು. ನನಗಿಂತ ಹಿಂದಿದ್ದ ಕಾರ್ಯದರ್ಶಿ ಅಧ್ಯಕ್ಷರ ಮೀಸೆಯನ್ನು ಅರ್ಧ ಕತ್ತರಿಸಿ, ಆ ಮೀಸೆಯ ಜೊತೆಗೇ ಹುದ್ದೆಯನ್ನೂ ಕಳೆದುಕೊಂಡರು. ಅಧ್ಯಕ್ಷ ನಂಜೇಗೌಡರು ಸಾಮಾನ್ಯರಲ್ಲ; ಈ ಬಡಾವಣೆ ರಾಗಿ ಹೊಲವಾಗಿದ್ದಾಗ ಅದು ಅವರ ತಂದೆಯದಾಗಿತ್ತು. ನಿವೃತ್ತನಾದ ಮೇಲೆ ನನಗೆ ಉಳಿದಿರುವ ಮರ್ಯಾದೆಯೆಂದರೆ ಈ ಕಾರ್ಯದರ್ಶಿಗಿರಿಯೊಂದೇ, ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಇಷ್ಟವಿಲ್ಲ.

ಈ ವರ್ಷ ಬ್ಯಾನರಿನ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಕೈಕೊಟ್ಟಿತು. ಹೊಸ ಸಿಪಿಯು ತಂದು ಹಳೆಯ ಮಾನಿಟರಿಗೇ ಜೋಡಿಸಿದೆ. ಗಟ್ಟಿಮುಟ್ಟಾಗಿರುವುದನ್ನು ಎಸೆಯುವ ಜಾಯಮಾನ ನನ್ನದಲ್ಲ. ಕಮಿಟಿಯವರು ಈ ವರ್ಷಕ್ಕೆಂದು ಕೊಟ್ಟಿದ್ದ ಹೊಸ ಫೋಟೊಗಳನ್ನು ತೆರೆದರೆ ಎಲ್ಲರೂ ಊದಿಕೊಂಡಿದ್ದರು. ನಂಜೇಗೌಡರ ಕೆನ್ನೆಗಳಂತೂ ಎರಡು ಕಡೆಗೂ ಹರಡಿ ಕೂತಿದ್ದವು.

"ನೋಡೇ ಶಾರದಾ, ಒಂದೇ ವರ್ಷದಲ್ಲಿ ಎಲ್ರೂ ಹೆಂಗೆ ದಪ್ಪ ಆಗ್ಬಿಟ್ಟಿದಾರೆ!" ಎಂದು ಹೆಂಡತಿಯನ್ನು ಕರೆದೆ.

"ಪಾಪ, ವಯಸ್ಸಾಯ್ತಲ್ಲ ಅವ್ರಿಗೂ," ಎಂದು ಅವಳು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ನನಗೂ ಕನಿಕರ ಬಂತು. ಮುಖಗಳನ್ನು ಒಂದೊಂದಾಗಿ ಎರಡೂ ಪಕ್ಕದಿಂದ ಒತ್ತಿ ಹದಕ್ಕೆ ತಂದೆ. ಪೆನ್‌ಡ್ರೈವನ್ನು ಮಾರೇನಹಳ್ಳಿಯ ಪ್ರಿಂಟಿಂಗ್ ಅಂಗಡಿಗೆ ಕೊಟ್ಟು, ಸರ್ಕಲ್ಲಿನಲ್ಲಿ ನೀವೇ ಕಟ್ಟಿಸಿಬಿಡಿ ಎಂದು ಹೇಳಿ, ಪುಣ್ಯ ಮಾಡಿದವನ ಹಾಗೆ ಮನೆಗೆ ಬಂದೆ.

ಮರುದಿನ ಸಂಜೆ ಮಹಡಿ ಮನೆಯ ಮೇಘನಾ ಏನನ್ನೋ ಪ್ರಿಂಟ್ ತೆಗೆಯಲು ಬಂದಳು. ಇಂಜಿನಿಯರಿಂಗ್ ಓದುವ ಹುಡುಗಿ. ಬಂದವಳೇ, "ಅಂಕಲ್, ಸ್ಕ್ರೀನ್ ಯಾಕೆ ಹಿಂಗೆ ಎಳೆದಂಗಿದೆ? ರೆಸಲ್ಯೂಷನ್ ಸೆಟ್ ಮಾಡಿಲ್ವಾ?" ಎಂದಳು.

"ಹಳೇ ಮಾನಿಟರಮ್ಮ. ಅದು ಇರೋದೇ ಹಂಗೆ."

"ಹಳೇದಾದ್ರೇನು ಅಂಕಲ್? ಇದು ಅಗಲದ ಸ್ಕ್ರೀನು, ಚಿತ್ರ ಬರ್ತಿರೋದು ಹೆಚ್ಚೂಕಮ್ಮಿ ಚೌಕದ ಅಳತೇಲಿ. ಅದನ್ನೇ ಹಿಗ್ಗಿಸಿ ತುಂಬಿಸ್ತಿದೆ ಅಷ್ಟೇ."

ಸೆಟ್ಟಿಂಗ್ಸಿಗೆ ಹೋದರೆ ಸರಿಯಾದ ಅಳತೆ ಪಟ್ಟಿಯಲ್ಲೇ ಇರಲಿಲ್ಲ. ಡಿಸ್‌ಪ್ಲೇ ಡ್ರೈವರ್ ಎಂಬುದನ್ನೇನೋ ಇಂಟರ್ನೆಟ್ಟಿನಿಂದ ಇಳಿಸಿ ಹಾಕಿದಳು. ಸ್ಕ್ರೀನು ಕಪ್ಪಾಯಿತು, ನನ್ನ ಜೀವ ಬಾಯಿಗೆ ಬಂತು. ಮತ್ತೆ ಬೆಳಕು ಬಂದಾಗ ಪಟ್ಟಿಯಲ್ಲಿ ೧೩೬೬ ಇಂಟು ೭೬೮ ಎಂದು ಹೊಸದೊಂದು ಸಾಲಿತ್ತು. ಅದನ್ನು ಒತ್ತಿದ್ದೇ ತಡ, ಎಲ್ಲವೂ ಮೈ ಕುಗ್ಗಿಸಿಕೊಂಡು ತಮ್ಮ ಆಕಾರಕ್ಕೆ ಬಂದವು. ತೆರೆದೇ ಇದ್ದ ಬ್ಯಾನರಿನಲ್ಲಿ ನಂಜೇಗೌಡರು ನುಗ್ಗೆಕಾಯಿಯಾಗಿದ್ದರು.

"ಇವ್ರೆಲ್ಲ ಯಾರು ಅಂಕಲ್?" ಎಂದಳು, ಅವರನ್ನು ದಿನಾ ಬೀದಿಯಲ್ಲಿ ನೋಡುವ ಮೇಘನಾ.

ತಕ್ಷಣ ಅಂಗಡಿಗೆ ಫೋನ್ ಮಾಡಿದೆ. "ಕಟ್ಟಾಯ್ತಲ್ಲ ಸಾರ್," ಎಂದರು ಅಂಗಡಿಯವರು. "ನಂಗೂ ಡೌಟ್ ಬಂತು. ಆದ್ರೆ ಡ್ರಾಯಿಂಗ್ ಮೇಷ್ಟ್ರು ಮಾಡಿರೋದು, ನಾವ್ಯಾಕೆ ಬಾಯಿ ಹಾಕೋದು ಅಂತ ಸುಮ್ನಾದೆ."

ಬೆಳಿಗ್ಗೆ ಸರ್ಕಲ್ಲಿಗೆ ಹೋಗುವಾಗ ರಾಜೀನಾಮೆಯ ಮಾತುಗಳನ್ನು ಮನಸ್ಸಿನಲ್ಲೇ ಉರುಹೊಡೆದುಕೊಂಡಿದ್ದೆ. ಕಮಿಟಿಯವರೆಲ್ಲ ಸೇರಿದ್ದರು. ನಂಜೇಗೌಡರು ಬ್ಯಾನರನ್ನು ಹತ್ತಿರದಿಂದ ನೋಡಿದರು, ರಸ್ತೆ ದಾಟಿ ನಿಂತು ನೋಡಿದರು. ಆಮೇಲೆ ನೇರವಾಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ಮೂರು ತಿಂಗ್ಳಿಂದ ಒಂದೇ ಮುದ್ದೆ ತಿಂತಾ ಇದೀನಿ. ಮನೇಲಿ ಒಬ್ರಾದ್ರೂ ಸಣ್ಣ ಆಗಿದೀರಿ ಅನ್ಲಿಲ್ಲ. ನೀವು ಕಂಡುಹಿಡಿದ್ರಿ ನೋಡಿ!"

ಅವರ ಕಣ್ಣು ಒದ್ದೆಯಾಗಿತ್ತು. ಉಳಿದವರು ತಂತಮ್ಮ ಮುಖದ ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಗೌಡರ ದೃಷ್ಟಿ ಸಾಲಿನ ಕೊನೆಯ ಫೋಟೊದ ಮೇಲೆ ಬಿತ್ತು.

"ಅಲ್ಲಾ, ನೀವ್ಯಾಕೆ ಹಿಂಗೆ ದಪ್ಪ ಆಗೋದ್ರಿ? ಶುಗರ್ ಗಿಗರ್ ನೋಡಿಸ್ಕೊಳ್ಳಿ. ನಾಳೆಯಿಂದ ನನ್ ಜೊತೆ ವಾಕಿಂಗ್ ಬನ್ನಿ, ಐದೂವರೆಗೆ."

ಇಡೀ ಬ್ಯಾನರಿನಲ್ಲಿ ಇದ್ದ ಹಾಗೇ ಇದ್ದದ್ದು ನನ್ನ ಮುಖವೊಂದೇ. ಎಲ್ಲರನ್ನೂ ಒತ್ತುತ್ತಾ ಕೊನೆಗೆ ನನ್ನ ಫೋಟೊಗೆ ಬಂದಾಗ, ಅಷ್ಟು ಅಗಲವಾಗಿ ಕಂಡರೂ ಅದರಲ್ಲಿ ಊನವೇನೂ ತೋರಲಿಲ್ಲ. ಕಾರ್ಯದರ್ಶಿಗೆ ತಕ್ಕ ಕಳೆಯಿದೆ ಎಂದು ಮುಟ್ಟದೆ ಬಿಟ್ಟಿದ್ದೆ. ಇದನ್ನು ಗೌಡರಿಗೆ ಹೇಳುವುದು ಹೇಗೆ? ಹೇಳಿದರೆ ಅವರ ಮೂರು ತಿಂಗಳ ಮುದ್ದೆಯ ತಪಸ್ಸು ನೀರುಪಾಲು. ಬಾಯಿ ಮುಚ್ಚಿಕೊಂಡು ದಿನಾ ಅವರ ಹಿಂದೆ ನಡೆಯುತ್ತಿದ್ದೇನೆ. ಅರವತ್ತೆಂಟರ ಗೌಡರು ಪಾರ್ಕಿನಲ್ಲಿ ಆರು ಸುತ್ತು ಹಾಕುವಾಗ ನನಗೆ ಎರಡಕ್ಕೇ ಏದುಸಿರು. ಬೆಂಚಿನ ಮೇಲೆ ಕುಸಿದು ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಾಗ, ಆ ಮಾನಿಟರು ನನ್ನೊಬ್ಬನನ್ನು ಮಾತ್ರ ಸರಿಯಾಗಿಯೇ ತೋರಿಸಿತ್ತೇನೋ ಎಂಬ ಅನುಮಾನ ಬರುತ್ತದೆ.