ಖಾಲಿ ಚೀಲದ ಭಾವ

ನಮ್ಮ ಭಾವನ ಕೈಗೆ ಖಾಲಿ ಚೀಲ ಮಾತ್ರ ಕೊಡಬೇಡಿ! ತುಂಬಿದ ಚೀಲವಾದರೆ ಹೊತ್ತುಕೊಂಡು ಸುಮ್ಮನೆ ಹೋಗುತ್ತಾರೆ. ಖಾಲಿಯದು ಸಿಕ್ಕಿತೋ, ಅದರ ಬಾಯಿ ಬಿಡಿಸಿ ನಿಮ್ಮ ಮುಖಕ್ಕೆ ಹಿಡಿದು, "ಒಳಗೆ ಏನೈತೆ ನೋಡು" ಎನ್ನುತ್ತಾರೆ. "ಏನೂ ಇಲ್ಲ" ಎಂದಿರೋ, ಆವತ್ತಿನ ನಿಮ್ಮ ಕೆಲಸ ಕೆಟ್ಟಂತೆ.

ಭಾವ ಎಂದರೆ ನಮ್ಮಕ್ಕನ ಗಂಡ. ಚಿಕ್ಕನಾಯಕನಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅಕ್ಕ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಅವರನ್ನು ನಾನೇ ನಮ್ಮ ತೋಟದ ಮನೆಗೆ ಕರೆತಂದೆ. ಜೊತೆಗೆ ಒಂದು ಪೆಟ್ಟಿಗೆ ಬಂತು, ಗಣಸಿದ್ಧಾಂತವೂ ಬಂತು. ಪೆಟ್ಟಿಗೆಗೆ ಮಂಚದ ಕೆಳಗೆ ಜಾಗ ಸಿಕ್ಕಿತು. ಗಣಸಿದ್ಧಾಂತಕ್ಕೆ ಇಡೀ ಮನೆಯೇ ಸಾಲದಾಯಿತು!

ಗಣ ಎಂದರೆ ಗುಂಪು ಎಂದಷ್ಟೇ ನನ್ನ ಎಸ್ಸೆಸ್ಸೆಲ್ಸಿ ವಿದ್ಯೆಗೆ ಗೊತ್ತಿತ್ತು. ಭಾವ ತಿದ್ದಿದರು: "ಗುಂಪು ಸಂತೆನಾಗೂ ಇರ್ತದೆ ಕಣಯ್ಯ. ಯಾರು ಒಳಗೆ, ಯಾರು ಹೊರಗೆ ಅಂತ ಅನುಮಾನ ಇಲ್ದಂಗೆ ಹೇಳೋಕೆ ಬಂದ್ರೆ ಮಾತ್ರ ಗಣ."

ಈ ಅನುಮಾನ ಇಲ್ಲದಂತೆ ಹೇಳುವ ಕೆಲಸವನ್ನು ಅವರಿಗೆ ಅಟ್ಟದ ಮೇಲೆ ವಹಿಸಿದ್ದು ನನ್ನ ತಪ್ಪು. ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದಲ್ಲಿ ಬಿಡುತ್ತೇವೆ. ನೀರು ಹಿಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡರೆ ಅದು ಕೊಬ್ಬರಿ. ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದಾಗಬೇಕು; ಆದದ್ದು ಒಂದು ಕಡೆ, ಆಗದ್ದು ಇನ್ನೊಂದು ಕಡೆ. ಬೆಳಗ್ಗೆ ಅಟ್ಟ ಹತ್ತಿದ ಭಾವ ಮಧ್ಯಾಹ್ನವಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ತೊಡೆಯ ಮೇಲೊಂದು ಕಾಯಿ ಇಟ್ಟುಕೊಂಡು ಕೂತಿದ್ದಾರೆ!

"ಇದು ಒಂದ್ಸಲ ಅಲ್ಲಾಡ್ತದೆ, ಒಂದ್ಸಲ ಅಲ್ಲಾಡಲ್ಲ. ಯಾವ ಕಡೆ ಹಾಕ್ಲಿ?"

"ಯಾವ ಕಡೆಗಾದ್ರೂ ಎಸೀರಿ ಭಾವ!"

"ಎಸೀಬೋದು. ಆಮೇಲೆ ಅದಕ್ಕೆ ಬೇಜಾರಾದ್ರೆ?"

ಆ ಕಾಯಿ ಇವತ್ತಿಗೂ ಅವರ ಕೋಣೆಯ ಕಿಟಕಿಯಲ್ಲಿದೆ. ನನ್ನ ಹೆಂಡತಿ ಅದರ ಮೇಲಿನ ಧೂಳನ್ನೂ ಒರೆಸುತ್ತಾಳೆ.

ಇನ್ನೊಂದು ದಿನ ಭಾವನನ್ನು ಕಿಬ್ಬನಹಳ್ಳಿಗೆ ತರಕಾರಿ ತರಲು ಕಳಿಸಿದೆವು. ಯಾರಿಗೋ ಪಾಠ ಹೇಳುತ್ತಾ ನಿಂತು, ಕೊಳ್ಳುವುದನ್ನು ಮರೆತು, ಕೊನೆಯ ಬಸ್ಸಿಗೆ ಬರಿಗೈಲಿ ಇಳಿದರು. ಬರಿಗೈ ಎಂದರೆ ಒಪ್ಪಬೇಕಲ್ಲ!

"ಚೀಲ ಐತಲ್ಲ! ಏನೂ ಇಲ್ದೇ ಇರೋದು ಬೇರೆ, ಏನೂ ಇಲ್ಲದ ಚೀಲ ಇರೋದು ಬೇರೆ. ಇದು ಶೂನ್ಯ ಗಣ. ಶೂನ್ಯ ಗಣ ಎಲ್ಲಾ ಗಣಕ್ಕೂ ಉಪಗಣ. ಅಂದ್ರೆ, ಎಲ್ಲದರ ಒಳಗೂ ಇರ್ತದೆ."

"ಏನೂ ಇಲ್ಲದ್ದು ಎಲ್ಲದರ ಒಳಗೆ ಹೆಂಗೆ ಇರ್ತದೆ ಭಾವ?"

"ಇಲ್ಲ ಅಂತೀಯಾ? ಹಂಗಾದ್ರೆ ಈ ಚೀಲದೊಳಗೆ ಐತೆ, ಬೇರೆ ಗಣದೊಳಗೆ ಇಲ್ಲ ಅನ್ನೋ ಒಂದೇ ಒಂದು ಪದಾರ್ಥ ತೋರ್ಸು ನೋಡೋಣ."

ನನ್ನವಳು ಒಲೆಯ ಮುಂದಿನಿಂದ ಕೂಗಿದಳು: "ಮೊದ್ಲು ಸಾರಿಗೆ ಹಾಕೋ ಪದಾರ್ಥ ತೋರ್ಸಿ!"

ಊರಿನವರೂ ಬಚಾವಾಗಲಿಲ್ಲ. ಹಾಲಿನ ಸಂಘ, ತೆಂಗಿನವರ ಸಂಘ, ಎಲ್ಲರೂ ಮೇಷ್ಟ್ರನ್ನು ಸದಸ್ಯರಾಗಿ ಎಂದು ಕಾಡಿದ್ದಕ್ಕೆ, ಇವರೇ ಒಂದು ಸಂಘ ಘೋಷಿಸಿದರು: 'ಯಾವ ಸಂಘದಲ್ಲೂ ಇಲ್ಲದವರ ಸಂಘ'! ಟೀ ಅಂಗಡಿಯವನಿಗೆ ಸೇರುವ ಆಸೆಯಾಯಿತು.

"ಆದ್ರೆ ಮೇಷ್ಟ್ರೇ, ಸೇರ್ಕಂಡ್ರೆ ನಾನು ಒಂದು ಸಂಘದಾಗೆ ಇದ್ದಂಗಾಯ್ತಲ್ಲ?"

"ಹೌದು. ತಕ್ಷಣ ನಿನ್ನ ತೆಗೀಬೇಕು."

"ತೆಗೆದ್ರೆ?"

"ಯಾವ ಸಂಘದಲ್ಲೂ ಇಲ್ಲ ಅಂತಾಯ್ತು. ಮತ್ತೆ ಸೇರ್ಕೋಬೇಕು."

"ಅಯ್ಯೋ, ನನ್ನ ಬಾಗಿಲಾಗೇ ನಿಲ್ಲಿಸ್ಬುಡಿ ಸ್ವಾಮಿ. ಟೀ ಕಾಯ್ಸೋಕೂ ಅನುಕೂಲ!"

ನಗುತ್ತಾ ನಗುತ್ತಾ ನಾನು ಹೇಳಲೇಬೇಕಾದ ಮಾತಿನ ಹತ್ತಿರ ಬಂದಿದ್ದೇನೆ. ಹೇಳಿಬಿಡುತ್ತೇನೆ.

ಹೋದ ವರ್ಷ ತುರುವೇಕೆರೆಯಲ್ಲಿ ನಮ್ಮ ದಾಯಾದಿ ಚಿಕ್ಕಪ್ಪ ತೀರಿಹೋದರು. ನಮಗೆಲ್ಲ ಸೂತಕ. ದೇವರ ದೀಪ ಹಚ್ಚುವಂತಿಲ್ಲ, ಗಂಡಸರು ಗಡ್ಡ ತೆಗೆಯುವಂತಿಲ್ಲ. ದಿನಾ ಬೆಳಗ್ಗೆ ಕಾಫಿಗೆ ಮೊದಲೇ ಗಡ್ಡ ಹೆರೆದುಕೊಳ್ಳುವ ಭಾವನ ಕೆನ್ನೆಯಲ್ಲೂ ಬಿಳಿ ಕೂದಲು ಕಂಡಿತು.

"ಇದೇನು ಭಾವ?"

"ನಂಗೂ ಸೂತಕ ಕಣಯ್ಯ."

ಪ್ರಪಂಚದಲ್ಲಿ ಸೂತಕವನ್ನು ಕೇಳಿ ಪಡೆಯುವವರುಂಟೇ? ನಾನು ಜೋರಾಗಿ ನಕ್ಕೆ. ಮನೆ ತುಂಬಾ ನೆಂಟರಿದ್ದರು. ಅವರೆದುರು ಜಾಣನಾಗುವ ಚಪಲ. ಮೇಷ್ಟ್ರ ಪಾಠವನ್ನು ಮೇಷ್ಟ್ರಿಗೇ ತಿರುಗಿಸಿದೆ.

"ಯಾರು ಒಳಗೆ, ಯಾರು ಹೊರಗೆ ಅಂತ ಅನುಮಾನ ಇರಬಾರದು ಅಂದೋರು ನೀವೇ ಅಲ್ವಾ? ಸತ್ತೋರು ನಮ್ಮ ದಾಯಾದಿ. ಈ ಲೆಕ್ಕದಾಗೆ ನೀವು ಹೊರಗಿನೋರು. ಒಳ್ಳೇದೇ ಆಯ್ತು, ದೇವರ ದೀಪ ನೀವೇ ಹಚ್ಚಿ!"

ನೆಂಟರು ನಕ್ಕರು. ಭಾವ ಹುಡುಗರ ಪಾಟಿ ತಿದ್ದುವವರಂತೆ, "ಸರಿ. ಉತ್ತರ ಸರಿಯಾಗೈತೆ" ಎಂದರು. ಒಳಗೆ ಹೋಗಿ ಗಡ್ಡ ತೆಗೆದುಕೊಂಡು ಬಂದು, ದೀಪ ಹಚ್ಚಿದರು.

ಆಮೇಲೆ ಮನೆಯಲ್ಲಿ ಗಣದ ಪಾಠವೇ ನಿಂತುಹೋಯಿತು. ಒಂದು ಸಂಜೆ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು.

"ಅಂಗಡಿಗೆ ಕಳಿಸೋಕೆ ಖಾಲಿ ಚೀಲ ಕೊಟ್ಟೆ ಕಣ್ರೀ. ಮಾತೇ ಆಡದೆ ತಗಂಡು ಹೋದ್ರು. ನೀವು ಅಂದಿದ್ದು ಚೆನ್ನಾಗಿರಲಿಲ್ಲ."



ಸೂತಕ ಕಳೆಯುವ ದಿನ ತೋಟದ ಪಂಪ್‌ಸೆಟ್ ಬಳಿ ನಾವು ಗಂಡಸರೆಲ್ಲ ಕ್ಷೌರಕ್ಕೆ ಸಾಲಾಗಿ ಕೂತೆವು. ಭಾವ ಆಚೆ ಒಂದು ತೆಂಗಿನ ಬುಡದಲ್ಲಿ, ನುಣ್ಣನೆಯ ಮುಖ ಹೊತ್ತು, ಯಾರದೋ ಟವೆಲ್ ಹಿಡಿದು ನಿಂತಿದ್ದರು. ನನ್ನ ಸರದಿ ಬಂತು. ನಾನು ಎದ್ದು ಹೋಗಿ ಅವರ ಕೈ ಹಿಡಿದು ತಂದು ನನ್ನ ಜಾಗದಲ್ಲಿ ಕೂರಿಸಿದೆ.

ಕ್ಷೌರದವನು ಅವರ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ತೆಗೆಯೋಕೆ ಏನೈತೆ ಸ್ವಾಮಿ ಇಲ್ಲಿ?"

"ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ತೆಗಿಯಪ್ಪ. ಇವರಿಗೂ ಸೂತಕ ಕಳೀಬೇಕು" ಎಂದೆ.

ಅವನು ಸೋಪು ಹಚ್ಚಿದ. ಭಾವ ಕಣ್ಣು ಮುಚ್ಚಿಕೊಂಡರು. ಸೋಪಿನ ನೊರೆಯ ಮೇಲೆ ನೀರಿನ ಗೆರೆಯೊಂದು ಇಳಿಯಿತು. ಕಣ್ಣು ಬಿಡದೆಯೇ ಕೇಳಿದರು:

"ಏನೂ ಇಲ್ಲದ್ದು ಎಲ್ಲದರ ಒಳಗೂ ಹೆಂಗಿರ್ತದೆ ಅಂತ ಈಗಲಾದ್ರೂ ಅರ್ಥ ಆಯ್ತೇನಯ್ಯ?"

"ಇಲ್ಲ ಭಾವ. ಇನ್ನೊಂದ್ಸಲ ಹೇಳ್ಕೊಡಿ."

ಅವರು ತಟ್ಟನೆ ಕಣ್ಣು ಬಿಟ್ಟರು. ಕ್ಷೌರದವನ ಕತ್ತಿಯನ್ನು ಪಕ್ಕಕ್ಕೆ ಸರಿಸಿ, ಮುಖದ ತುಂಬಾ ನೊರೆ ಇಟ್ಟುಕೊಂಡೇ ಎದ್ದು ನಿಂತರು.

"ಹಂಗಾದ್ರೆ ಹೋಗು, ಒಂದು ಖಾಲಿ ಚೀಲ ತಗಂಬಾ!"

ಈ ವಯಸ್ಸಿನಲ್ಲಿ, ಮಂಡಿನೋವು ಮರೆತು, ಮನೆಗೆ ಓಡಿಕೊಂಡೇ ಹೋದೆ.